ರಟ್ಟೆಗೆ ಪಟ್ಟಿ ಕಟ್ಟುವ ಡಾಕ್ಟರು

ಜನರ ರಕ್ತದೊತ್ತಡ ಅಳೆಯಲು ಹೊರಟವನು ನಗು ತಡೆಯುವುದನ್ನೂ ಕಲಿತಿರಬೇಕು. ನನಗದು ಕೊನೆಗೂ ಬರಲಿಲ್ಲ. ಸ್ವಾತಂತ್ರ್ಯ ಬಂದ ಹೊಸತರಲ್ಲಿ, ಉಪ್ಪಿಗೂ ರಕ್ತದೊತ್ತಡಕ್ಕೂ ಏನು ನಂಟು ಎಂದು ತಿಳಿಯುವ ಹುಚ್ಚು ಹಿಡಿದು, ಪಾದರಸದ ಪೆಟ್ಟಿಗೆ, ರಟ್ಟೆಗೆ ಕಟ್ಟುವ ಪಟ್ಟಿ ಹೊತ್ತು ಬಳ್ಳಾರಿ ಸೀಮೆ ತಿರುಗಿದೆ. ಅದೇ ಜನರನ್ನು ವರ್ಷವಿಡೀ ತಿಂಗಳಿಗೊಮ್ಮೆ ಅಳೆಯಬೇಕು. ಅವರು ತಪ್ಪಿಸಿಕೊಂಡರೆ ನನ್ನ ಸಂಶೋಧನೆ ನೀರುಪಾಲು.

ಬಳ್ಳಾರಿ

ಮೊದಲು ಸಿಕ್ಕವರು ಪಕ್ಕದ ಮನೆಯ ಹತ್ತಿ ವ್ಯಾಪಾರಿ. ಒತ್ತಡ ಜಾಸ್ತಿಯಿತ್ತು. "ಇವತ್ತಿಂದ ಉಪ್ಪು ಬಿಡ್ರಿ" ಎಂದೆ. ತಿಂಗಳಾದರೂ ಪಾದರಸ ಇಳಿಯಲಿಲ್ಲ. ಊಟದ ಹೊತ್ತಿಗೆ ಹೋಗಿ ನೋಡಿದರೆ ತಾಟಿನಲ್ಲಿ ಉಪ್ಪಿನಕಾಯಿಯ ಗುಡ್ಡ.

"ಇದೇನ್ರಿ?"

"ಇದು ನೀವು ಹೇಳಾಕಿಂತ ಮುಂಚೆ ಹಾಕಿದ ಉಪ್ಪು, ಡಾಕ್ಟ್ರೇ!"

ಸಿರುಗುಪ್ಪ

ಇಲ್ಲಿ ಜನ ತಾವಾಗಿಯೇ ಸಾಲುಗಟ್ಟಿದರು. ನಾನು ಹಿರಿಹಿರಿ ಹಿಗ್ಗಿದೆ. ಒಮ್ಮೆ ಒಬ್ಬ ರೈತ ರಟ್ಟೆಯ ತಾಯಿತ ಬಿಚ್ಚಿ ಜೇಬಿಗಿಟ್ಟ.

"ಎರಡೂ ಒಂದ ಕೈಯಾಗ ಇದ್ರ ಜಗಳಾಡ್ತಾವ್ರಿ. ಹ್ವಾದ ತಿಂಗಳ ನೀವು ಪಟ್ಟಿ ಕಟ್ಟಿದ ಮ್ಯಾಲೆ ನನ್ನ ಸೊಂಟನೋವು ಹೋತು. ಇವತ್ತು ಬಿಗಿಯಾಗಿ ಕಟ್ರಿ, ಮೊಣಕಾಲೂ ನೋಯ್ತೈತಿ."

ಸುಳ್ಳಿನ ಮೇಲೆ ಸಂಶೋಧನೆ ನಡೆಸಲು ಮನಸ್ಸು ಒಪ್ಪಲಿಲ್ಲ. "ಇದು ಔಷಧಿ ಅಲ್ಲ, ಬರೀ ಅಳತಿ. ಇದರಿಂದ ಯಾವ ಬ್ಯಾನಿನೂ ಹೋಗಂಗಿಲ್ಲ" ಎಂದು ಎಲ್ಲರಿಗೂ ಸಾರಿದೆ.

ರೈತ ತೋಳು ಚಾಚಿದ. "ನಿಮಗ ಹೆಂಗ ಗೊತ್ತಾಗಬೇಕ್ರಿ? ಕಟ್ಟಿಸ್ಕೊಂಡೋರು ನಾವು."

ಕುರುಗೋಡು

ಪಟ್ಟಿ ಔಷಧಿಯಲ್ಲ ಎಂದ ನನ್ನ ಮಾತು ನನಗಿಂತ ಮೊದಲೇ ಕುರುಗೋಡು ಮುಟ್ಟಿತ್ತು. ಹತ್ತು ತಿಂಗಳಿಂದ ತಪ್ಪದೆ ಬರುತ್ತಿದ್ದವರು ಒಬ್ಬರೂ ಬರಲಿಲ್ಲ. "ಗುಣ ಆಗಂಗಿಲ್ಲಂದ್ರ ಯಾಕ ಕಟ್ಟಿಸ್ಕೋಬೇಕು?" ಎಂದರಂತೆ. ನನಗೆ ಊಟ ಹಾಕುತ್ತಿದ್ದ ಅಜ್ಜಿಯ ಮುಂದೆ ಕೂತು, "ಇನ್ನೆರಡು ಸಲ ಬರದಿದ್ರ ನನ್ನ ವರ್ಷದ ಕೆಲಸೆಲ್ಲ ಹಾಳು, ಯವ್ವಾ" ಎಂದು ಗೋಳಾಡಿದೆ. ಕಣ್ಣಲ್ಲಿ ನೀರೂ ಬಂತು. ಅಜ್ಜಿ ಇನ್ನೊಂದು ರೊಟ್ಟಿ ಹಾಕಿ "ಉಣ್ಣು" ಎಂದಳು, ಅಷ್ಟೆ.

ಮರುದಿನ ಕಟ್ಟೆ ತುಂಬ ಜನ! ತೋಳು ಚಾಚಿ ನನ್ನನ್ನೇ ಕನಿಕರದಿಂದ ನೋಡುತ್ತಿದ್ದರು. ಮುಂದಿನ ತಿಂಗಳೂ ಹಾಗೆಯೇ. ಕೊನೆಯ ಅಳತೆ ಬರೆದುಕೊಂಡು ಅಜ್ಜಿಯನ್ನು ಕೇಳಿದೆ, "ಇವರಿಗೆ ಏನು ಹೇಳಿದಿ?"

"ಬ್ಯಾನಿ ಇರೋದು ನಮಗಲ್ಲ, ಡಾಕ್ಟರಪ್ಪಗ. ನಮ್ಮ ರಟ್ಟಿಗೆ ಕಟ್ಟಿದ್ರ ಅವಗ ಆರಾಮ ಆಗತೈತಿ. ಪಾಪ, ಕೈ ಕೊಡ್ರಿ ಅಂದೆ." ಅಷ್ಟು ಹೇಳಿ ನನ್ನ ಹಣೆ ಮುಟ್ಟಿ ನೋಡಿದಳು. "ಈಗ ಗುಣ ಆತೇನಪ್ಪಾ?"

ಊರಿಗೆ ಊರೇ ನನ್ನ ಉತ್ತರಕ್ಕೆ ಕಾದಿತ್ತು. ಆ ಜನರ ಉಪ್ಪಿನ ಋಣ ಈ ಜನ್ಮಕ್ಕೆ ತೀರುವಂಥದ್ದಲ್ಲ. "ಆತು ಯವ್ವಾ, ಪೂರಾ ಗುಣ ಆತು" ಎಂದೆ.

ಅಜ್ಜಿಗೆ ನಂಬಿಕೆ ಬರಲಿಲ್ಲ. ಸೀರೆಯ ಸೆರಗು ಸರಿಸಿ ರಟ್ಟೆ ಮುಂದೆ ಮಾಡಿದಳು.

"ಯಾವುದಕ್ಕೂ ಇನ್ನೊಮ್ಮೆ ಕಟ್ಟಿಬಿಡಪ್ಪಾ. ಅರ್ಧಕ್ಕ ಬಿಟ್ರ ಮತ್ತ ಬರತೈತಿ."