ಲಕ್ಷ ಬತ್ತಿಯ ಗಡ್ಡ

"ಈ ಸಲದ ಕ್ರಿಸ್‌ಮಸ್‌ಗೆ ಸ್ಯಾಂಟಾ ನಮ್ಮ ಮನೆಗೆ ಬಂದೇ ಬರ್ತಾನೆ! ಬರದಿದ್ರೆ ನಾನು ಡ್ರಾಯಿಂಗ್ ಮೇಷ್ಟ್ರೇ ಅಲ್ಲ!"

ಡಿಸೆಂಬರ್‌ನ ಮೊದಲ ಭಾನುವಾರ, ಇಡ್ಲಿ ತಟ್ಟೆಯ ಮುಂದೆ ಕೂತು ನಾನು ಹೀಗೆ ಘೋಷಿಸಿದೆ. ಸಭೆಯಲ್ಲಿದ್ದವರು ಮೂವರು. ನನ್ನ ಆರು ವರ್ಷದ ಮಗಳು ಕಾವ್ಯಶ್ರೀ ಎದ್ದು ಕುಣಿದಳು. ಹೆಂಡತಿ ಶ್ಯಾಮಲಾ "ಚಟ್ನಿ ಹಾಕ್ಲಾ?" ಎಂದಳು. ಅಮ್ಮ ಮಾತ್ರ ಟೀವಿ ಮುಂದೆ ಕೂತು, ಕೈಯಲ್ಲಿ ಹತ್ತಿ ಹಿಡಿದುಕೊಂಡು ಏನೋ ಮಾಡುತ್ತಿದ್ದಳು. ಒಂದೂವರೆ ವರ್ಷದಿಂದ ಹಾಗೇ ಮಾಡುತ್ತಿದ್ದಾಳೆ. ಏನು ಅಂತ ನಾನು ಕೇಳಿದವನಲ್ಲ. ಕಲಾವಿದನಿಗೆ ಅಷ್ಟೆಲ್ಲ ಪುರುಸೊತ್ತೆಲ್ಲಿ!

ಇಷ್ಟಕ್ಕೂ ನಾವು ಕ್ರಿಸ್‌ಮಸ್ ಮಾಡುವ ಪೈಕಿಯಲ್ಲ. ಯುಗಾದಿಗೆ ಹೋಳಿಗೆ, ಗೌರಿಹಬ್ಬಕ್ಕೆ ಕಡುಬು, ಕ್ರಿಸ್‌ಮಸ್‌ಗೆ ಮಧ್ಯಾಹ್ನದ ನಿದ್ದೆ; ಇದು ನಮ್ಮ ಮನೆತನದ ಸಂಪ್ರದಾಯ. ಅದನ್ನು ಕೆಡಿಸಿದವನು ಶ್ಯಾಮಲಾಳ ತಮ್ಮ ಸುನಿಲ. ಹಳೇಬೀಡಿನಲ್ಲಿ ಅವನದು ಪ್ರವಾಸಿಗರಿಗೆ ಕಲ್ಲಿನ ಗೊಂಬೆ ಮಾರುವ ಅಂಗಡಿ. ಕಳೆದ ವರ್ಷ ಎಲ್ಲಿಂದಲೋ ಸ್ಯಾಂಟಾ ಡ್ರೆಸ್ಸು ತರಿಸಿ, ಹಾಕಿಕೊಂಡು, ತನ್ನ ಮಗ ಶಶಿಗೆ ರಿಮೋಟ್ ಕಾರು ಕೊಟ್ಟ. ಶಶಿ ಬಂದವನು ನಿಜವಾದ ಸ್ಯಾಂಟಾನೇ ಎಂದು ನಂಬಿ, ಕೂಡಲೇ ಕಾವ್ಯಶ್ರೀಗೆ ಫೋನು ಮಾಡಿ ಹೊಟ್ಟೆ ಉರಿಸಿದ. ಅವತ್ತಿನಿಂದ ನನ್ನ ಮಗಳದು ಒಂದೇ ಪ್ರಶ್ನೆ.

"ಅಪ್ಪಾ, ಹಳೇಬೀಡಿಗೆ ಟ್ರೈನೇ ಇಲ್ಲ. ಅಲ್ಲಿಗೇ ಹೋದ ಸ್ಯಾಂಟಾ ಅರಸೀಕೆರೆಗೆ ಯಾಕೆ ಬರ್ಲಿಲ್ಲ? ನಮ್ಮದು ಜಂಕ್ಷನ್ ಅಲ್ವಾ?"

ನೋಡಿ, ಇದು ಊರಿನ ಮಾನದ ಪ್ರಶ್ನೆ! ಅವಳು ಕ್ಲಾಸಿನಲ್ಲೆಲ್ಲ "ಈ ವರ್ಷ ನಮ್ಮನೆಗೂ ಬರ್ತಾನೆ, ನಮ್ಮಪ್ಪ ಹೇಳಿದಾರೆ" ಎಂದು ಸಾರಿಕೊಂಡು ಬಂದಿದ್ದಳು. ಸ್ಯಾಂಟಾ ಬರದಿದ್ದರೆ ಮಗಳ ಕಣ್ಣಲ್ಲಿ ನಾನು ಸುಳ್ಳುಗಾರ. ಬಂದವನು ನಾನೇ ಎಂದು ಗೊತ್ತಾದರೆ ಇನ್ನೂ ದೊಡ್ಡ ಸುಳ್ಳುಗಾರ.

ಹಬ್ಬಕ್ಕೆ ಸುನಿಲನ ಸಂಸಾರವನ್ನು ಬೇಕೆಂದೇ ಕರೆದೆ. ಅವನೂ ನೋಡಲಿ, ಕಲೆ ಎಂದರೇನು ಅಂತ! ಅವನು ಫೋನಿನಲ್ಲಿ ವಿನಯದಿಂದಲೇ ಕೇಳಿದ.

"ಭಾವ, ಡ್ರೆಸ್ಸು ನನ್ನ ಹತ್ರಾನೇ ಐತೆ. ರೆಡಿಮೇಡ್ ಗಡ್ಡಾನೂ ಐತೆ. ತರ್ಲಾ?"

"ಬೇಡ! ಹೆಣ್ಣು ಕೊಟ್ಟಿದ್ದೀರಿ, ಸಾಕು. ಗಡ್ಡ ನಾನೇ ಮಾಡ್ಕೊಳ್ತೀನಿ!"

"ರೀ, ಇಸ್ಕೊಳ್ಳಿ ಸುಮ್ನೆ" ಎಂದಳು ಶ್ಯಾಮಲಾ.

"ಸ್ಕೂಲ್ ಡೇಗೆ ರಾವಣನ ಹತ್ತು ತಲೆ ಮಾಡಿದ ಕೈ ಇದು! ಒಂದು ಗಡ್ಡ ಯಾವ ಲೆಕ್ಕ?"

"ಅದ್ರಲ್ಲಿ ಮೂರು ತಲೆ ಸ್ಟೇಜ್ ಮೇಲೇ ಬಿದ್ದೋದ್ವು."

ಇವಳು ಯಾವಾಗಲೂ ಹೀಗೆ. ಗಟ್ಟಿಯಾಗಿ ನಿಂತ ಏಳು ತಲೆಗಳ ವಿಚಾರ ಎತ್ತುವುದೇ ಇಲ್ಲ.

ಕ್ರಿಸ್‌ಮಸ್ ಎಂದ ಮೇಲೆ ಮರ ಬೇಕಲ್ಲ? ಗೆಂಡೆಹಳ್ಳಿಯಲ್ಲಿ ತೋಟ ನೋಡಿಕೊಂಡಿರುವ ನನ್ನ ಅಣ್ಣ ಜವರಣ್ಣನಿಗೆ ಹೇಳಿದ್ದೆ: "ಬರುವಾಗ ಒಂದು ಮರ ತಗೊಂಡು ಬಾ ಅಣ್ಣಾ. ಸಣ್ಣದು, ಮನೆ ಒಳಗಿಡೋಕೆ." ಇಪ್ಪತ್ತೈದರ ಬೆಳಿಗ್ಗೆ ಅವನು ಬಸ್ಸಿನಿಂದಿಳಿದು, ಹೆಗಲ ಮೇಲೆ ಒಂದು ತೆಂಗಿನ ಸಸಿ ಹೊತ್ತುಕೊಂಡು ಬಂದ. ಬುಡದಲ್ಲಿ ಕಾಯಿ ಸಮೇತ!

"ಇದೇನಣ್ಣಾ?"

"ಮರ ಅಂದ್ಯಲ್ಲಲಾ. ನಮ್ ಕಡೆ ಮರ ಅಂದ್ರೆ ಇನ್ಯಾವ್ದೈತೆ? ಸಣ್ಣದು ಅಂದೆ, ಸಸಿ ತಂದೀನಿ. ಒಳ್ಳೆ ಜಾತಿ ಕಣ್ಲಾ, ಐದು ವರ್ಷಕ್ಕೆ ಫಲ ಬತ್ತದೆ."

"ದೊಡ್ಡಪ್ಪಾ, ಬುಕ್ಕಲ್ಲಿ ಬೇರೆ ಥರ ಇದೆ" ಎಂದಳು ಕಾವ್ಯಶ್ರೀ.

"ಅದು ಮಂಜಿನ ಸೀಮೇದು ಮಗಾ. ಇದು ಕೊಬ್ಬರಿ ಸೀಮೇದು."

ಬಕೆಟ್ಟಿನಲ್ಲಿ ಮಣ್ಣು ತುಂಬಿ ಸಸಿ ನಿಲ್ಲಿಸಿ, ಗಣಪತಿ ಹಬ್ಬದ ಸೀರಿಯಲ್ ಸೆಟ್ಟು ಸುತ್ತಿದೆವು. ಅಮ್ಮ ಬಂದು, ಮನೆಗೆ ಬಂದ ಸಸಿ ಬರಿದಾಗಿ ಇರಬಾರದು ಎಂದು ಅರಿಶಿನ ಕುಂಕುಮ ಹಚ್ಚಿ ಹೋದಳು. ಸುನಿಲ ಹೆಂಡತಿ ಮಕ್ಕಳೊಂದಿಗೆ ಕಾರಿನಲ್ಲಿ ಬಂದಿಳಿದವನು ಸಸಿಯನ್ನೇ ದಿಟ್ಟಿಸಿ ನೋಡಿ, "ತುಂಬಾ ಚೆನ್ನಾಗಿದೆ ಭಾವ" ಎಂದ. ನಗು ತಡೆದುಕೊಂಡು ಹೇಳಿದ್ದು ನನಗೆ ಚೆನ್ನಾಗಿ ಗೊತ್ತಾಯಿತು.

ಊಟವಾಯಿತು. ನಾನು ಮಕ್ಕಳಿಗೆ ಗಂಭೀರವಾಗಿ ತಿಳಿಸಿದೆ: "ಸ್ಯಾಂಟಾ ನಾಲ್ಕು ಗಂಟೆ ಟ್ರೈನಿಗೆ ಬರ್ತಾನೆ. ನಾನು ಸ್ಟೇಷನ್ನಿಗೆ ಹೋಗಿ ಕರ್ಕೊಂಡು ಬರ್ತೀನಿ." ಹಾಗೆ ಹೇಳಿ ಮುಂಬಾಗಿಲಿಂದ ಹೊರಟು, ಮನೆ ಸುತ್ತು ಹಾಕಿ, ಹಿತ್ತಿಲ ಬಾಗಿಲಿಂದ ಒಳಗೆ ಸೇರಿ, ಹಿಂದಿನ ಕೋಣೆಯ ಚಿಲಕ ಹಾಕಿಕೊಂಡೆ.

ಸಿದ್ಧತೆ ಅಂದರೆ ಸಿದ್ಧತೆ! ಶ್ಯಾಮಲಾಳ ಕೆಂಪು ನೈಟಿ, ಹೊಟ್ಟೆಗೆ ದಿಂಬು, ಉಡುಗೊರೆ ತುಂಬಿದ ಕೊಬ್ಬರಿ ಚೀಲ, ಕಾಲಿಗೆ ಅಣ್ಣನ ಗಮ್‌ಬೂಟು. ಮೂರು ವಾರ ಕೂತು ಗಡ್ಡದ ನಕ್ಷೆಯನ್ನೂ ಬರೆದಿದ್ದೆ, ಎದುರಿನಿಂದ ಒಂದು, ಪಕ್ಕದಿಂದ ಒಂದು. ಹತ್ತಿ ತರುವುದೊಂದನ್ನು ಬಿಟ್ಟು ಎಲ್ಲವೂ ತಯಾರಾಗಿತ್ತು.

ಗಂಟೆ ಮೂರೂವರೆ. ಹೊರಗೆ ಹೋದರೆ ಮಕ್ಕಳು ನೋಡುತ್ತಾರೆ. ಕೋಣೆಯಲ್ಲೆಲ್ಲ ಕಣ್ಣಾಡಿಸಿದೆ. ಅಟ್ಟದ ಮೇಲೆ ಬಿಳಿ ದಿಂಬಿನ ಕವರುಗಳು ಸಾಲಾಗಿ ಕೂತಿದ್ದವು. ಒಂದನ್ನು ಎಳೆದು ಬಿಚ್ಚಿದೆ. ಹತ್ತಿ! ಅದೂ ಬರೀ ಹತ್ತಿಯಲ್ಲ. ಪುಟ್ಟ ಪುಟ್ಟ ಗುಂಡುಗಳು, ಪ್ರತಿಯೊಂದಕ್ಕೂ ಒಂದು ತಿರುಚಿದ ಬಾಲ, ಪೇಪರಿನಲ್ಲಿ ಸುತ್ತಿದ ಅಚ್ಚುಕಟ್ಟಾದ ಕಟ್ಟುಗಳು. ಗಡ್ಡಕ್ಕೆ ಬೇಕಾದ ಗುಂಗುರು ಮೊದಲೇ ಮಾಡಿಟ್ಟಿದೆ! ದೇವರು ಕಲಾವಿದನ ಕೈ ಬಿಡುವುದಿಲ್ಲ ಎಂದು ನನ್ನಷ್ಟಕ್ಕೆ ನಾನೇ ಹೊಗಳಿಕೊಂಡೆ. ಯಾರು ಮಾಡಿದ್ದು, ಯಾಕೆ ಮಾಡಿದ್ದು ಎಂಬ ಯೋಚನೆ ನನ್ನ ತಲೆಯ ಹತ್ತಿರಕ್ಕೂ ಸುಳಿಯಲಿಲ್ಲ. ಹಳೇ ಬನಿಯನ್ನಿನ ತುಂಡಿಗೆ ಗೋಂದು ಸವರಿ, ಒಂಬತ್ತು ಕಟ್ಟು ಬಿಚ್ಚಿ ಅಂಟಿಸಿದೆ. ಗಡ್ಡ ಹೊಟ್ಟೆಯವರೆಗೆ ಇಳಿಯಿತು. ಕನ್ನಡಿಯಲ್ಲಿ ನೋಡಿಕೊಂಡು ನಾನೇ ನನಗೆ ಕೈಮುಗಿದೆ.

ನಾಲ್ಕು ಗಂಟೆಗೆ ಸರಿಯಾಗಿ ಹಿತ್ತಿಲ ಕಡೆಯಿಂದ ಗುಡುಗಿದೆ. "ಹೋ! ಹೋ! ಹೋ!"

ಮಕ್ಕಳ ಕಿರುಚಾಟ ಕೇಳಬೇಕಿತ್ತು! ಕಾವ್ಯಶ್ರೀ ನನ್ನನ್ನು ನೋಡಿ ಎರಡು ಕೈಯನ್ನೂ ಕೆನ್ನೆಗೆ ಒತ್ತಿಕೊಂಡು ನಿಂತುಬಿಟ್ಟಳು. "ನೋಡೋ ಶಶಿ, ನಮ್ಮ ಸ್ಯಾಂಟಾ ಗಡ್ಡ ನಿಮ್ಮ ಸ್ಯಾಂಟಾದಕ್ಕಿಂತ ಉದ್ದ!" ಎಂದಳು. ಹಳೇಬೀಡು ಸೋತಿತು! ಸುನಿಲನ ಕಡೆ ಒಂದು ನೋಟ ಬೀರಿ, ಚೀಲದಿಂದ ಗೊಂಬೆ ತೆಗೆದು ಮಗಳ ಕೈಗಿಟ್ಟೆ. ಅಲ್ಲಿಗೇ ಹೊರಟುಬಿಟ್ಟಿದ್ದರೆ ನಾನು ಇವತ್ತು ಈ ಕಥೆ ಬರೆಯಬೇಕಾಗಿರಲಿಲ್ಲ.

"ಮನೆಗೆ ಮೊದಲ ಸಲ ಬಂದೋರು, ಹಂಗೇ ಕಳಿಸಬಾರದು, ತಡೀರಪ್ಪ" ಎನ್ನುತ್ತಾ ಅಮ್ಮ ಆರತಿ ತಟ್ಟೆ ಹಿಡಿದು ಬಂದಳು.

ಬೇಡ ಎನ್ನಲು ಬಾಯಿಲ್ಲ. ದನಿ ಕೇಳಿದರೆ ಮಗಳಿಗೆ ಗೊತ್ತಾಗುತ್ತದೆ. ಅಮ್ಮ ಒಂದು ಸುತ್ತು ಎತ್ತಿದಳು. ಎರಡನೇ ಸುತ್ತಿಗೆ ದೀಪ ಗಡ್ಡದ ತುದಿಗೆ ತಾಗಿತು. ಬತ್ತಿಯ ಕೆಲಸವೇ ಉರಿಯುವುದು. ಅದು ತನ್ನ ಕೆಲಸ ಶುರು ಮಾಡಿತು!

"ಅಯ್ಯಯ್ಯೋ, ಸ್ಯಾಂಟಪ್ಪಂಗೆ ಬೆಂಕಿ!" ಎಂದು ಅಣ್ಣ ಸಸಿಯ ಬಕೆಟ್ಟಿಗೇ ಕೈ ಹಾಕಿದ. ಅಷ್ಟರಲ್ಲಿ ಅಮ್ಮ, ಐವತ್ತು ವರ್ಷ ದೀಪ ಶಾಂತ ಮಾಡಿದ ಬೆರಳಲ್ಲವೇ, ಚಟಕ್ಕನೆ ಚಿವುಟಿ ಉರಿ ಆರಿಸಿದಳು. ಆರಿದ ತುಂಡು ಅವಳ ಕೈಯಲ್ಲೇ ಉಳಿಯಿತು. ಎರಡು ಬೆರಳಲ್ಲಿ ಅದನ್ನು ಹೊರಳಿಸಿದಳು. ಇನ್ನೊಮ್ಮೆ ಹೊರಳಿಸಿದಳು. ತಾನೇ ಹೊಸೆದದ್ದು ಕೈಗೆ ಗೊತ್ತಾಗದೇ ಇರುತ್ತದೆಯೇ? ನಿಧಾನಕ್ಕೆ ತಲೆಯೆತ್ತಿ ನನ್ನ ಕಣ್ಣನ್ನೇ ನೋಡಿದಳು.

"ಹೂಬತ್ತಿ" ಎಂದಳು. "ನನ್ನ ಲಕ್ಷ ಬತ್ತಿ."

ಕಾವ್ಯಶ್ರೀ ಓಡಿ ಬಂದು ನನ್ನ ನೈಟಿ ಹಿಡಿದುಕೊಂಡಳು. "ಅಜ್ಜೀ, ಸ್ಯಾಂಟಾಗೆ ಬೈಬೇಡ! ಬೈದ್ರೆ ಮುಂದಿನ ವರ್ಷ ಬರಲ್ಲ!"

ಅಮ್ಮ ಮೊಮ್ಮಗಳನ್ನು ನೋಡಿದಳು, ನನ್ನನ್ನು ನೋಡಿದಳು. ಒಂದೇ ಒಂದು ಸಲ "ಲೋಕೇಶ" ಎಂದಿದ್ದರೆ ನನ್ನ ಕಥೆ ಮುಗಿಯುತ್ತಿತ್ತು. ಅನ್ನಲಿಲ್ಲ. ತಟ್ಟೆ ಕೆಳಗಿಟ್ಟು ಬಹಳ ಮರ್ಯಾದೆಯಿಂದ ವಿಚಾರಣೆ ಶುರು ಮಾಡಿದಳು.

"ಸ್ಯಾಂಟಪ್ಪನೋರೇ, ಗಡ್ಡಕ್ಕೆ ಹತ್ತಿ ಎಲ್ಲಿಂದ ತಂದ್ರಿ?"

"ಹೋ ಹೋ ಹೋ" ಎಂದೆ. ನನಗಿದ್ದ ಭಾಷೆ ಅದೊಂದೇ.

"ಕೇಳಿ ತಗಂಡ್ರಾ, ಕೇಳದೆ ತಗಂಡ್ರಾ?"

"ಹೋ... ಹೋ..."

"ಎಷ್ಟು ಕಟ್ಟು ಬಿಚ್ಚಿದ್ರಿ?"

ಒಂಬತ್ತು ಬೆರಳು ತೋರಿಸಿದೆ. ಅಮ್ಮ ಗೋಡೆಗೆ ಒರಗಿ ಕೂತಳು.

"ಒಂಬೈನೂರು ಬತ್ತಿ! ಮೊನ್ನೆ ಶನಿವಾರ ತಾನೇ ಲಕ್ಷ ತುಂಬಿತ್ತು ಕಣ್ರಪ್ಪ. ಸಂಕ್ರಾಂತಿಗೆ ಮಾಲೇಕಲ್ ತಿರುಪತಿ ಸ್ವಾಮಿಗೆ ಹಚ್ಚಬೇಕು ಅಂತ ಹರಕೆ. ನನಗೊಬ್ಬ ಮಗ ಅವ್ನೆ, ಕಿರಿಯೋನು. ಒಂಬತ್ತು ವರ್ಷ ರಾಯಚೂರು ಕಡೆ ಒದ್ದಾಡ್ದ. ಅವನಿಗೆ ಊರ ಕಡೆ ವರ್ಗ ಆದ್ರೆ ಲಕ್ಷ ಬತ್ತಿ ಹಚ್ತೀನಿ ಅಂದ್ಕಂಡಿದ್ದೆ. ಆಯ್ತು. ಹೊಸೆದೂ ಹೊಸೆದೂ ಬೆರಳೆಲ್ಲ ಸೆಟ್ಕಂಡವೆ. ಅವ್ನು ಒಂದಿನ ಏನಮ್ಮ ಮಾಡ್ತಾ ಇದೀಯ ಅಂತ ಕೇಳ್ಲಿಲ್ಲ. ಹೋಗ್ಲಿ ಬಿಡಿ, ನೀವು ಹೊರಗಿನೋರು, ನಿಮಗೆ ಯಾಕೆ ಹೇಳ್ಲಿ."

ನನ್ನ ವರ್ಗಾವಣೆಗೆ ನನ್ನ ಪ್ರತಿಭೆಯೇ ಕಾರಣ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದೆ. ಆ ಗಡ್ಡದೊಳಗೆ ನನಗೆ ಎಂಥ ನಾಚಿಕೆಯಾಯಿತು ಎಂದರೆ, ನಿಂತಲ್ಲೇ ಅತ್ತುಬಿಡೋಣ ಅನ್ನಿಸಿತು. ಆದರೆ ಸ್ಯಾಂಟಾ ಅಳುವಂತಿಲ್ಲ. "ಹೋ" ಎಂದೆ, ಒಂದೇ ಸಲ.

"ಅಪ್ಪ ಎಲ್ಲಿ?" ಎಂದು ಕಾವ್ಯಶ್ರೀಗೆ ಆಗ ನೆನಪಾಯಿತು.

"ಸ್ಟೇಷನ್ನಲ್ಲೇ ಕಾಯ್ತಿರಬೇಕು ಪುಟ್ಟಿ" ಎಂದಳು ಶ್ಯಾಮಲಾ. "ಸ್ಯಾಂಟಾ ಅವರ ಮುಂದೇನೇ ಹಾದು ಬಂದಿದ್ರೂ ನೋಡಿರಲ್ಲ. ನಿಮ್ಮಪ್ಪಂಗೆ ಕಣ್ಣೆದುರಿಗೆ ಇರೋದು ಯಾವತ್ತು ಕಾಣಿಸಿದೆ?"

ಅಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ತೀರ್ಪು ಕೊಟ್ಟಳು. "ಸ್ಯಾಂಟಪ್ಪನೋರು ಕೈಕಾಲು ಮುಖ ತೊಳ್ಕಂಡು ಬರ್ಲಿ. ಕಡ ತಗಂಡ ಬತ್ತಿ ಹೊಸೆದುಕೊಟ್ಟು ಹೊರಡ್ಲಿ. ನಮ್ಮನೇಲಿ ಹಂಗೇಯ."

ಮುಖ ತೊಳೆಯಬೇಕಾದರೆ ಗಡ್ಡ ಬಿಚ್ಚಬೇಕು. ಬಿಚ್ಚಿದರೆ ಮಗಳ ಮುಂದೆ ಬರುವುದು ಹೇಗೆ? ಬಚ್ಚಲಮನೆಯಲ್ಲಿ ತಲೆ ಮೇಲೆ ಕೈ ಹೊತ್ತು ನಿಂತಿದ್ದಾಗ ಸುನಿಲ ಬಾಗಿಲ ಸಂದಿಯಿಂದ ಒಂದು ಪ್ಲಾಸ್ಟಿಕ್ ಕವರು ತೂರಿಸಿದ.

"ಭಾವ, ನನ್ನ ಗಡ್ಡ. ಬೇಡ ಅಂದ್ರಿ, ಆದ್ರೂ ಇರ್ಲಿ ಅಂತ ಕಾರಲ್ಲಿ ತಂದಿದ್ದೆ."

ಕವರು ಇಸಿದುಕೊಂಡೆ. ಬಾಯಿ ಮುಚ್ಚಿಕೊಂಡು ಕಟ್ಟಿಕೊಂಡೆ.

ಹೀಗೆ ಅರಸೀಕೆರೆಗೆ ಮೊಟ್ಟಮೊದಲು ಬಂದ ಸ್ಯಾಂಟಾ, ಭಾವಮೈದುನನ ಗಡ್ಡದಲ್ಲಿ, ಹೆಂಡತಿಯ ನೈಟಿಯಲ್ಲಿ, ತೆಂಗಿನ ಸಸಿಯ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತು ಬತ್ತಿ ಹೊಸೆಯತೊಡಗಿದ. ಮೊದಲನೆಯದನ್ನು ಅಮ್ಮ ಬೆಳಕಿಗೆ ಹಿಡಿದು ನೋಡಿದಳು.

"ಇದು ಬತ್ತಿಯಾ, ಮೂಲಂಗಿಯಾ? ಬಿಚ್ಚಿ, ಇನ್ನೊಂದು ಹೊಸೀರಿ."

ಬಿಚ್ಚಿದೆ, ಹೊಸೆದೆ. ರಾವಣನ ತಲೆ ಮಾಡುವುದು ಎಷ್ಟೋ ಸುಲಭ! ಇಪ್ಪತ್ತನೆಯದಕ್ಕೆ ಹೆಬ್ಬೆರಳು ನೋಯತೊಡಗಿತು. ಐವತ್ತನೆಯದಕ್ಕೆ ಬೆನ್ನು ಹಿಡಿಯಿತು. ಇದನ್ನು ಅಮ್ಮ ಲಕ್ಷ ಸಲ ಮಾಡಿದ್ದಾಳೆ. ಅಣ್ಣ ಎದುರಿಗೆ ಕೂತು ಕಾಫಿ ಹೀರುತ್ತಾ, "ಹೊಸೀಲಾ... ಹೊಸೀರಿ ಸ್ವಾಮಿ, ಚೆನ್ನಾಗಿ ಕಲಿತಾವ್ರೆ" ಎಂದು ಪ್ರೋತ್ಸಾಹಿಸಿದ. ದೀಪ ಹಚ್ಚುವ ಹೊತ್ತಿಗೆ ಎಂಬತ್ತಾರು ಆಗಿದ್ದವು. ಅಮ್ಮ ಅದರಲ್ಲಿ ಒಂದನ್ನು ತೆಗೆದುಕೊಂಡು ದೇವರ ಮುಂದೆ ಹಚ್ಚಿದಳು. ನನ್ನ ಮುಂದೆಯೂ ಒಂದು ಲೋಟ ಕಾಫಿ ತಂದಿಟ್ಟಳು.

ಗೊಂಬೆಯನ್ನು ಕಂಕುಳಲ್ಲಿಟ್ಟುಕೊಂಡು ಇಷ್ಟು ಹೊತ್ತೂ ನನ್ನ ಕೈಯನ್ನೇ ನೋಡುತ್ತಿದ್ದ ಕಾವ್ಯಶ್ರೀ ಅಜ್ಜಿಗೆ ಹೇಳಿದಳು: "ಅಜ್ಜೀ, ಈ ಸ್ಯಾಂಟಾ ಎಷ್ಟು ಒಳ್ಳೇವ್ರು! ನೀನು ಹೇಳಿದ ಕೆಲಸ ಮಾಡ್ತಾರೆ. ಎದುರು ಮಾತಾಡಲ್ಲ. ಮೊಬೈಲೂ ನೋಡಲ್ಲ."

ಆಮೇಲೆ ನನ್ನ ತೊಡೆಯೇರಿ ಕೂತು, ಕಿವಿಗೆ ಬಾಯಿಟ್ಟು, ಆದರೆ ಇಡೀ ಮನೆಗೆ ಕೇಳುವ ಹಾಗೆ ಪಿಸುಗುಟ್ಟಿದಳು.

"ಸ್ಯಾಂಟಾ ತಾತ, ನೀವು ವಾಪಸ್ ಹೋಗ್ಬೇಡಿ, ಇಲ್ಲೇ ಇದ್ಬಿಡಿ. ಅಪ್ಪ ಹೆಂಗೂ ಸ್ಟೇಷನ್ನಲ್ಲೇ ಇದಾರಲ್ಲ, ನಿಮ್ಮ ಟಿಕೆಟ್ಟಲ್ಲಿ ಅವ್ರನ್ನ ಕಳಿಸ್ಬಿಡೋಣ."

ಎಲ್ಲರೂ ನನ್ನ ಉತ್ತರಕ್ಕೆ ಕಾದರು.

"ಹೋ... ಹೋ... ಹೋ..." ಎಂದೆ. ಎಂಬತ್ತೇಳನೆಯದಕ್ಕೆ ಹತ್ತಿ ಎತ್ತಿಕೊಂಡೆ.