ಹೊಳೆದಂಡೆಯ ಪಾರ್ಕು ಮತ್ತು ನಾನು ತೆಗೆದುಕೊಂಡ ವೀಳ್ಯ

ಯಾವ ಪಕ್ಷಕ್ಕೂ ಸೇರದೆ ಬದುಕುವುದು ಸುಲಭವೆಂದು ಬಹಳ ಜನ ತಿಳಿದಿದ್ದಾರೆ. ಅದರಷ್ಟು ಆಯಾಸದ ಕೆಲಸ ಇನ್ನೊಂದಿಲ್ಲ. ಪಕ್ಷ ಹಿಡಿದವನಿಗೆ ಒಂದು ಕಡೆಯವರಾದರೂ ಕರೆದು ಕಾಫಿ ಕೊಡುತ್ತಾರೆ. ನನ್ನಂಥವನನ್ನು ಎರಡು ಕಡೆಯವರೂ ಅನುಮಾನದಿಂದ ನೋಡುತ್ತಾರೆ. ಆದರೂ ಗುಂಡ್ಲುಪೇಟೆಯಿಂದ ಮೂರು ಮೈಲಿ ದೂರದ ಆ ಹಳ್ಳಿಯಲ್ಲಿ ಶಾಲೆಯ ಮೇಷ್ಟ್ರಾಗಿದ್ದಷ್ಟು ಕಾಲವೂ ನಾನು ಯಾರ ಕಡೆಗೂ ವಾಲಲಿಲ್ಲ. ಬದುವಿನ ಜಗಳವಾಗಲಿ, ಸೊಸೈಟಿಯ ಚುನಾವಣೆಯಾಗಲಿ, ಎಲ್ಲರ ಮಾತಿಗೂ ತಲೆಯಾಡಿಸಿ ಮನೆಗೆ ಬಂದುಬಿಡುತ್ತಿದ್ದೆ. ನನ್ನ ಹೆಂಡತಿ ಪುಟ್ಟತಾಯಮ್ಮ ಚಾಮರಾಜನಗರದ ಹತ್ತಿರದ ಹರದನಹಳ್ಳಿಯವಳು. ಅವಳ ಪ್ರಕಾರ ಇದು ಸಮಚಿತ್ತವಲ್ಲ, ಸೋಮಾರಿತನ.

ಅದು ಐವತ್ತರ ದಶಕದ ನಡುಭಾಗ, ಯೋಜನೆ ಎಂಬ ಮಾತು ಹಳ್ಳಿಗಳಿಗೂ ಬಂದು ತಲುಪಿದ್ದ ಕಾಲ. ವಿಶ್ವವಿದ್ಯಾನಿಲಯದವರು ನಮ್ಮೂರ ಹೊಳೆಯ ದಂಡೆಯಲ್ಲಿ ಸಂಶೋಧನಾ ಪಾರ್ಕು ಮಾಡುತ್ತಾರಂತೆ ಎಂಬ ಸುದ್ದಿ ಬಂತು. ರಾಗಿ, ಜೋಳ, ಹುರುಳಿಯ ಹೊಸ ತಳಿಗಳನ್ನು ಬೆಳೆದು ನೋಡುವುದು, ಒಳಗೊಂದು ಹೆಂಚಿನ ಕಟ್ಟಡ, ಸುತ್ತ ಮುಳ್ಳುತಂತಿ. ಊರು ಎರಡಾಯಿತು. ಬೇಕು ಎನ್ನುವವರಿಗೆ ಲೋವರ್ ಸೆಕೆಂಡರಿ ಪಾಸು ಮಾಡಿದ್ದ ನಂಜಪ್ಪ ಮುಂದಾಳು. ರಸ್ತೆಯಾಗುತ್ತದೆ, ಬಸ್ಸು ನಿಲ್ಲುತ್ತದೆ, ಕಾವಲುಗಾರನ ಕೆಲಸ ಯಾರಿಗಾದರೂ ಸಿಗುತ್ತದೆ ಎಂಬುದು ಅವನ ವಾದ. ಆ ‘ಯಾರಿಗಾದರೂ’ ಯಾರೆಂದು ಎಲ್ಲರಿಗೂ ಗೊತ್ತಿತ್ತು. ಬೇಡ ಎನ್ನುವವರಿಗೆ ಊರ ಯಜಮಾನ ಮಾದಪ್ಪ. “ರಾಗಿ ಒಳಗೆ ಏನ್ಲಾ ಹುಡುಕಾದು? ತಿಂದ್ರೆ ಗೊತ್ತಾಗಕಿಲ್ವಾ?” ಎಂಬುದು ಅವನ ಪ್ರಶ್ನೆ. ಅದಕ್ಕೆ ವಿಶ್ವವಿದ್ಯಾನಿಲಯದವರೂ ಕೊನೆಯವರೆಗೆ ನೇರ ಉತ್ತರ ಕೊಡಲಿಲ್ಲ.

ನಿಜವಾದ ಕಷ್ಟ ಹೆಂಗಸರದು. ಊರ ಬಾವಿಯ ನೀರು ಸವಳು. ಅದರಲ್ಲಿ ಮೂರು ಗಂಟೆ ಕುದಿಸಿದರೂ ಬೇಳೆ ಬೇಯುವುದಿಲ್ಲ. ಬೇಸಗೆಯಲ್ಲಿ ಹೊಳೆಯ ಮರಳು ತೋಡಿ ಒರತೆಯ ಸಿಹಿನೀರನ್ನು ಬಿಂದಿಗೆಗೆ ತುಂಬಿ ತರಬೇಕು. ಅಲ್ಲಿಗೆ ಹೋಗುವ ಕಾಲುದಾರಿ ಸರಿಯಾಗಿ ಪಾರ್ಕಿಗೆ ಗೊತ್ತುಮಾಡಿದ್ದ ಜಾಗದ ನಡುವೆ ಹಾದಿತ್ತು. ಬೇಲಿ ಬಿದ್ದರೆ ಒಂದು ಮೈಲಿ ಬಳಸು. ಇದನ್ನು ಸಭೆಯಲ್ಲಿ ಹೇಳಬೇಕೆಂದು ಪುಟ್ಟತಾಯಮ್ಮ ನನಗೆ ಎರಡು ಸಲ ಹೇಳಿದಳು. ಸಭೆಯ ನಡವಳಿ ಬರೆಯುವ ಕೆಲಸ ಊರವರು ನನಗೇ ವಹಿಸಿದ್ದರು; ಬರೆಯುವವನು ಮಧ್ಯೆ ಬಾಯಿ ಹಾಕಬಾರದೆಂದು ನಾನೂ ಎರಡು ಸಲ ಹೇಳಿದೆ.

ಸಭೆ ಮಾರಿಗುಡಿಯ ಜಗುಲಿಯ ಮೇಲೆ ನಡೆಯಿತು. ವಿಶ್ವವಿದ್ಯಾನಿಲಯದಿಂದ ಬಂದಿದ್ದ ಪ್ರೊಫೆಸರು ಸಾಧು ಮನುಷ್ಯ. ನಕ್ಷೆ ಬಿಡಿಸಿ ಎಲ್ಲರಿಗೂ ತೋರಿಸಿದರು. ಪಾರ್ಕಿನಲ್ಲಿ ಕೂರಲು ಬೆಂಚು ಹಾಕುತ್ತಾರಾ ಎಂದು ಒಬ್ಬ ಕೇಳಿದ. ಮಾತಿಗೆ ಮಾತು ಬೆಳೆದು ಮೂರು ಗಂಟೆ ಕಳೆದರೂ ಯಾವುದೂ ಇತ್ಯರ್ಥವಾಗಲಿಲ್ಲ. ಅಷ್ಟು ಹೊತ್ತೂ ನಾನು ಬರೆಯುತ್ತಿದ್ದೆ, ಒಂದು ಎಲೆಅಡಿಕೆ ಸಹ ಹಾಕದೆ. ದಿನಕ್ಕೆ ಹನ್ನೆರಡು ಸಲ ಎಲೆ ಮಡಿಸುವವನಿಗೆ ಅದೆಂಥ ಶಿಕ್ಷೆಯೆಂದು ಹಾಕುವವರಿಗೇ ಗೊತ್ತು. ಕೊನೆಗೆ ಪ್ರೊಫೆಸರು, ಬಂದವರಿಗೆ ಮರ್ಯಾದೆಯಾಗಲೆಂದು, ತಾವು ತಂದಿದ್ದ ವೀಳ್ಯದ ತಟ್ಟೆಯನ್ನು ಮುಂದಿಟ್ಟರು.

ನಮ್ಮ ಕಡೆ ಮಾತುಕತೆಯ ಕೊನೆಯಲ್ಲಿ ಎದುರಿನವರ ವೀಳ್ಯ ತೆಗೆದುಕೊಂಡರೆ ಒಪ್ಪಿದಂತೆ. ಹೆಣ್ಣು ಕೊಡುವುದು, ಎತ್ತು ಮಾರುವುದು ಎಲ್ಲವೂ ಹಾಗೆಯೇ. ಸ್ಟಾಂಪು ಕಾಗದಕ್ಕಿಂತ ಅದು ಗಟ್ಟಿ. ಪ್ರೊಫೆಸರಿಗೆ ಇದು ಗೊತ್ತಿರಲಿಲ್ಲ. ಮಾದಪ್ಪ ಎರಡು ಕೈಗಳನ್ನೂ ಹಿಂದಕ್ಕೆ ಕಟ್ಟಿಕೊಂಡ. ನಂಜಪ್ಪನಿಗೂ ಮೊದಲಿಗನಾಗಲು ಧೈರ್ಯ ಬರಲಿಲ್ಲ. ತಟ್ಟೆ ಸುತ್ತಿ ಸುತ್ತಿ ನನ್ನ ಮುಂದೆ ಬಂತು. ಚಿಗುರೆಲೆ, ಹೋಳಡಿಕೆ, ಬೆಣ್ಣೆಯಂಥ ಸುಣ್ಣ. ಕೈ ತಾನಾಗಿ ಹೋಯಿತು. ಬಾಯಿ ಕೆಂಪಾದ ಮೇಲೆ ತಲೆ ಎತ್ತಿ ನೋಡಿದರೆ ಊರಿಗೆ ಊರೇ ನನ್ನನ್ನು ನೋಡುತ್ತಿತ್ತು.

“ಮೇಷ್ಟ್ರು ತಕ್ಕಬುಟ್ರಲ್ಲ,” ಎಂದ ಮಾದಪ್ಪ. “ಊರ ಪರವಾಗಿ ಬರ್ಯೋರೇ ಎಲೆ ತಕ್ಕಂಡ್ ಮ್ಯಾಲೆ ಇನ್ನೇನೈತೆ. ಓಗನ ನಡೀರ್ಲಾ.”

ಬೇಲಿ ಇನ್ನೂ ಬಿದ್ದಿರಲಿಲ್ಲ, ಆದರೂ ಮರುದಿನ ಮಧ್ಯಾಹ್ನದ ಊಟಕ್ಕೆ ಸಾರಿನಲ್ಲಿ ಬೇಳೆ ಕಲ್ಲಿನ ಹಾಗಿತ್ತು. “ಬಾವಿ ನೀರು,” ಎಂದಳು ಪುಟ್ಟತಾಯಮ್ಮ. “ಇನ್ಮೇಲೆ ಇಂಗೇಯ. ಅಭ್ಯಾಸ ಮಾಡ್ಕಳಿ.” ಅವಳು ಕೂಗಾಡಿದ್ದರೆ ನಾನೂ ಏನಾದರೂ ಹೇಳಬಹುದಿತ್ತು. ನಿಜಕ್ಕೂ ನಾಚಿಕೆಯಾಯಿತು. ಊರಿನ ಅಷ್ಟೂ ಬಿಂದಿಗೆಗಳ ದಾರಿಯನ್ನು ನಾನು ಒಂದು ಎಲೆಯ ಆಸೆಗೆ ಮಾರಿದ್ದೆ.

ವಾರದ ಮೇಲೆ ಪ್ರೊಫೆಸರು ಗೂಟ ಹೊಡೆಸಲು ಬಂದರು. ಹೊಳೆಯ ದಂಡೆಯಲ್ಲಿ ಹೆಂಗಸರೆಲ್ಲ ಬಿಂದಿಗೆ ಸಮೇತ ನಿಂತಿದ್ದರು, ಅವರ ಹಿಂದೆ ಮಾದಪ್ಪ ಮತ್ತು ನಾನು. ಪುಟ್ಟತಾಯಮ್ಮ ಮುಂದೆ ಬಂದು ತಟ್ಟೆ ಹಿಡಿದಳು. “ಸ್ವಾಮಿ, ನಾವು ಒರ್ತೆಗೆ ಓಗೋ ದಾರಿ ಬುಟ್ಟು ಬೇಲಿ ಆಕ್ಸಿ. ಅದ್ಕೆ ಈ ಎಲೆ ಅಡ್ಕೆ,” ಎಂದಳು. ಪ್ರೊಫೆಸರಿಗೆ ಕಿವಿ ಒಂದು ಕಡೆ, ಕಣ್ಣು ನಕ್ಷೆಯ ಕಡೆ. “ಬಹಳ ಸಂತೋಷ ತಾಯಿ,” ಎಂದು ಎಲೆ ಮಡಿಸಿ ಬಾಯಿಗೆ ಹಾಕಿಕೊಂಡರು.

“ಒಪ್ಕಂಡ್ರು,” ಎಂದ ಮಾದಪ್ಪ. ನಕ್ಷೆ ಆಗಲೇ ಮಂಜೂರಾಗಿದೆ, ಬದಲಾಯಿಸಲಾಗದು ಎಂದು ಪ್ರೊಫೆಸರು ಗಾಬರಿಯಾದರು. “ನಮ್ ಮೇಷ್ಟ್ರು ತಕ್ಕಂಡ ಎಲೆ ನಡೀತದೆ ಅಂದ್ರೆ ನೀವು ತಕ್ಕಂಡಿದ್ದೂ ನಡೀಬೇಕು ಕಣ್ ಸ್ವಾಮಿ,” ಎಂದ ಅವನು. ಪ್ರೊಫೆಸರು ನನ್ನ ಕಡೆ ತಿರುಗಿ ಇದು ಹೌದೇ ಎಂದು ಕೇಳಿದರು. ಇಲ್ಲಿಯ ಪದ್ಧತಿ ಅದೇ ಎಂದೆ. ಅವರು ನಕ್ಷೆಯ ನಡುವೆ ಪೆನ್ಸಿಲಿನಿಂದ ಗೆರೆ ಎಳೆದು, ಆಗಲೇ ಹೊಡೆದಿದ್ದ ಗೂಟಗಳನ್ನು ಕೀಳಿಸಿ, ದಾರಿಯ ಎರಡೂ ಪಕ್ಕದಲ್ಲಿ ಬೇರೆಬೇರೆ ಬೇಲಿ ಹಾಕಿಸಿದರು. ಪಾರ್ಕು ಎರಡು ಹೋಳಾಯಿತು, ನಡುವೆ ಬಿಂದಿಗೆಗಳು ಓಡಾಡಿದವು.

ಅಂದಿನಿಂದ ಊಟವಾದ ಮೇಲೆ ಹೆಂಡತಿ ಎಲೆಅಡಿಕೆಯ ತಟ್ಟೆ ತಂದಿಟ್ಟರೆ, ಕೈ ಚಾಚುವ ಮೊದಲು ವಿಷಯ ಏನೆಂದು ಕೇಳುತ್ತೇನೆ.

“ಮೊದ್ಲು ತಕ್ಕಳಿ,” ಎನ್ನುತ್ತಾಳೆ. “ಆಮ್ಯಾಕೆ ಹೇಳ್ತೀನಿ.”

ತೆಗೆದುಕೊಳ್ಳುತ್ತೇನೆ.