ಗುಳಿಗೆ ಮೊದಲೋ, ಪೂಜೆ ಮೊದಲೋ

ಮನುಷ್ಯನ ಮೈಯಲ್ಲಿ ಮಾತು ಕೇಳದ ಅವಯವ ಒಂದಾದರೂ ಇರುತ್ತದೆ ಎಂದು ನನ್ನ ನಂಬಿಕೆ. ಕೆಲವರಿಗೆ ಅದು ನಾಲಗೆ, ಕೆಲವರಿಗೆ ಹೊಟ್ಟೆ. ನನಗೆ ಎಡಗೈ. ನಾನು ರೈತನಾಗಿದ್ದರೆ ಎಡಗೈಯನ್ನು ಜೇಬಿನಲ್ಲಿಟ್ಟುಕೊಂಡು ಹೇಗೋ ದಿನ ತಳ್ಳುತ್ತಿದ್ದೆ. ಆದರೆ ನಾನು ಜಂಗಮ. ಕಾಸಾರಶಿರಸಿಯಲ್ಲಿ ನಮ್ಮ ಮನೆ. ಸುತ್ತಲಿನ ಊರುಗಳ ಭಕ್ತರ ಮನೆಗಳಲ್ಲಿ ಕೂಸಿಗೆ ಲಿಂಗ ಕಟ್ಟುವುದರಿಂದ ಹಿಡಿದು ಮುದುಕರನ್ನು ಮಣ್ಣಿಗಿಡುವವರೆಗೆ ಎಲ್ಲಕ್ಕೂ ನಮ್ಮ ಮನೆತನದವರೇ ಹೋಗಬೇಕು. ಜಂಗಮನಿಗೆ ಎಡಗೈಯೇ ದೇವರ ಗುಡಿ. ದಿನಾ ಮುಂಜಾನೆ ಸ್ನಾನ ಮಾಡಿ, ಕೊರಳಲ್ಲಿಯ ಇಷ್ಟಲಿಂಗವನ್ನು ತೆಗೆದು ಎಡ ಅಂಗೈ ಮೇಲಿಟ್ಟು, ಭಸ್ಮ ಧರಿಸಿ, ಪತ್ರಿ ಏರಿಸಿ, ಅದನ್ನೇ ನೋಡುತ್ತ ಕೂಡಬೇಕು. ಅದಾಗುವ ತನಕ ಬಾಯಿಗೆ ಹನಿ ನೀರೂ ಹಾಕುವಂತಿಲ್ಲ. ಇಂಥ ಗುಡಿಗೇ ಭೂಕಂಪ ಹಿಡಿದರೆ ಪೂಜಾರಿ ಏನು ಮಾಡಬೇಕು?

ಭೂಕಂಪ ಮೊದಲು ಹೆಬ್ಬೆರಳಿನಲ್ಲಿ ಶುರುವಾಯಿತು. ಸುಮ್ಮನೆ ಕೂತಾಗ ಹೆಬ್ಬೆರಳು ತೋರುಬೆರಳಿನ ಮೇಲೆ ಉರುಳಾಡುತ್ತಿತ್ತು, ಕಾಣದ ಭಸ್ಮವನ್ನು ತಿಕ್ಕುತ್ತಿರುವ ಹಾಗೆ. ನೋಡಿದವರು ಅದನ್ನು ಜಪ ಎಂದುಕೊಂಡರು. ನಾನೂ ಬೇಡವೆನ್ನಲಿಲ್ಲ. ಆಮೇಲೆ ನಡಿಗೆ ಕೆಟ್ಟಿತು. ಹೆಜ್ಜೆ ಸಣ್ಣದಾಗಿ, ಮೈ ಮುಂದಕ್ಕೆ ಬಾಗಿ, ಬಿದ್ದೇನೋ ಎಂಬಂತೆ ದಬದಬನೆ ಓಡತೊಡಗಿದೆ. ಜಂಗಮ ಹೀಗೆ ಓಡಿದರೆ ನೋಡುವವರು ಏನೆಂದುಕೊಳ್ಳುತ್ತಾರೆ? ‘ಅಯ್ಯಾರು ಯಾರದೋ ಮನಿಗಿ ಹೋಳಗಿ ಊಟಕ್ಕ ಹೊಂಟಾರ ನೋಡ್ರೋ’ ಎಂದು ಕಟ್ಟೆಯ ಮೇಲಿನವರು ನಗುತ್ತಿದ್ದರು. ಅಕ್ಷರವೂ ಇರುವೆಯ ಸಾಲಿನಷ್ಟು ಸಣ್ಣದಾಯಿತು. ಕಡೆಗೆ ಮುಖವೂ ಬಿಗಿದುಕೊಂಡಿತು. ಒಳಗೆ ನಗು ಬಂದರೂ ಹೊರಗೆ ಬರುವುದಿಲ್ಲ. ಅಳುವಿಗೂ ಬಾಗಿಲು ಮುಚ್ಚಿತು. ಹೋದ ವರ್ಷ ನನ್ನ ಹೆಂಡತಿ ಸುಗಲಾಬಾಯಿ ಲಿಂಗೈಕ್ಯಳಾದಾಗ ಬಂದವರೆಲ್ಲ ನನ್ನ ಮುಖ ನೋಡಿ, ‘ಏನು ವೈರಾಗ್ಯ, ಏನು ಗಟ್ಟಿ ಜೀವ’ ಎಂದು ಕೈ ಮುಗಿದು ಹೋದರು. ಒಳಗೆ ನಾನು ಪುಡಿಪುಡಿಯಾಗಿದ್ದು ಅವರಿಗೆ ಹೇಗೆ ತಿಳಿಯಬೇಕು? ರೋಗ ನನಗೆ ಕೊಟ್ಟ ಒಂದೇ ಪದವಿ ಅದು. ಅದನ್ನೂ ನಾನು ಗಳಿಸಿದ್ದಲ್ಲ.

ಅವಳಿರುವವರೆಗೆ ಪೂಜೆಗೆ ತೊಂದರೆ ಇರಲಿಲ್ಲ. ನಾನು ಅಂಗೈ ಚಾಚಿದರೆ ಎದುರಿಗೆ ಕೂತು ಅವಳು ತನ್ನ ಅಂಗೈಯನ್ನು ಕೆಳಗಿಂದ ಕೊಡುತ್ತಿದ್ದಳು. ಅವಳ ಕೈ ಅಲುಗುತ್ತಿರಲಿಲ್ಲ. ಬಾಯಿ ಮಾತ್ರ ನಿಲ್ಲುತ್ತಿರಲಿಲ್ಲ. ‘ಲಗೂ ಮುಗಸ್ರಿ, ಒಲಿ ಮ್ಯಾಲ ಬ್ಯಾಳಿ ಅದ. ಶಿವಾ ಎಲ್ಲೂ ಓಡಿ ಹೋಗಂಗಿಲ್ಲ, ಬ್ಯಾಳಿ ಉಕ್ಕಿ ಹೋಗತದ’ ಎನ್ನುತ್ತಿದ್ದಳು. ಅವಳು ಹೋದಮೇಲೆ ನಾನು ಮೊಣಕೈ ಕೆಳಗೆ ತಂಬಿಗೆ ಬೋರಲು ಹಾಕಿದೆ, ದಿಂಬು ಇಟ್ಟೆ, ತೊಡೆಗೆ ಆನಿಸಿ ನೋಡಿದೆ. ತಂಬಿಗೆಯೂ ನನ್ನ ಜೊತೆ ಸೇರಿ ನೆಲದ ಮೇಲೆ ಕಟಕಟ ಎಂದು ತಾಳ ಹಾಕಿತು. ಒಂದು ಮುಂಜಾನೆ ಲಿಂಗ ಉರುಳಿ ಧೋತರದ ಮಡಿಲಿಗೆ ಬಿತ್ತು. ಲಿಂಗ ಕೈ ಜಾರಿದರೆ ಪ್ರಾಣವನ್ನೇ ಬಿಡಬೇಕೆಂದು ಹಿಂದಿನವರು ಹೇಳುತ್ತಿದ್ದರು. ನಾನು ತುಸು ಹೊತ್ತು ಯೋಚನೆ ಮಾಡಿ, ಮಡಿಲಿನಲ್ಲಿ ಬಿದ್ದದ್ದು ಬಿದ್ದ ಲೆಕ್ಕವಲ್ಲ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡೆ. ಆದರೂ ಹೊತ್ತು ಏರುವ ತನಕ ತಪ್ಪಾಯಿತೆಂದು ಜಪ ಮಾಡುತ್ತಲೇ ಇದ್ದೆ.

ಹೀಗಿರುವಾಗ ದೇವಣಿಯ ಪಾಟೀಲರ ಮನೆಯಿಂದ ಶಿವರಾಜ ಬಂದ. ಅವನ ಅಜ್ಜನಿಗೆ ನಮ್ಮ ಮುತ್ತ್ಯಾ ಲಿಂಗ ಕಟ್ಟಿದ್ದ, ಅಪ್ಪನಿಗೆ ನಮ್ಮಪ್ಪ, ಅವನಿಗೆ ನಾನು. ಈಗ ಅವನ ಹೆಂಡತಿಗೆ ದಿನ ತುಂಬುತ್ತ ಬಂದಿತ್ತು. ಅಂಗಳದಲ್ಲಿ ಕೂತು ಟೊಪ್ಪಿಗೆ ತಿರುವುತ್ತ, ಮಳೆ ಬೆಳೆ, ಎತ್ತಿನ ಕಾಲು ಎಲ್ಲ ಮಾತಾಡಿದ. ಕಡೆಗೆ ‘ಅವ್ವ ಒಂದ ಮಾತ ಹೇಳ್ಯಾಳ್ರೀ ಅಯ್ಯಾರ. ಸಿಟ್ಟಾಗಬ್ಯಾಡ್ರಿ’ ಎಂದ.

‘ಹೇಳಪಾ.’

‘ನಿಮ್ಮ ಕೈ ನಡಗ್ಲಾಕತ್ತಾವ ಅಂತ ಊರೆಲ್ಲಾ ಸುದ್ದಿ ಅದ. ಕೂಸಿನ ಮ್ಯಾಲ ಲಿಂಗ ಬಿದ್ರ ಹ್ಯಾಂಗ ಅಂತಾಳ. ಈ ಸಲ ಬ್ಯಾರೆ ಊರ ಅಯ್ಯಾರಿಗಿ ಕರೀಬೇಕಂತಾಳ.’

ಅವನ ತಾಯಿ ಗಂಗಮ್ಮನನ್ನು ನಾನು ಬಲ್ಲೆ. ಒಮ್ಮೆ ಅಂದದ್ದನ್ನು ಅವಳು ತಹಶೀಲ್ದಾರ ಬಂದರೂ ಬದಲಿಸುವವಳಲ್ಲ. ನನಗೆ ಸಿಟ್ಟು ಬರಲಿಲ್ಲ. ಬಂದಿದ್ದರೂ ಮುಖದ ಮೇಲೆ ಕಾಣುತ್ತಿರಲಿಲ್ಲ. ಒಂದು ಮನೆ ಬಿಟ್ಟಿತೆಂದರೆ ಉಳಿದವೂ ಬಿಡುತ್ತವೆ, ಅದು ತಿಳಿದದ್ದೇ. ಆದರೆ ಹೆಂಡತಿ ಲಿಂಗೈಕ್ಯಳಾದ ವರ್ಷವೇ ಮುತ್ತ್ಯಾನ ಕಾಲದ ಕೆಲಸವೂ ಕೈಬಿಟ್ಟರೆ ಮುಂಜಾನೆ ಎದ್ದು ನಾನು ಯಾರಾಗಿ ಕೂಡಬೇಕು? ‘ಕೂಸು ಹುಟ್ಟಲಿ, ತೊಟ್ಟಿಲಿಗೆ ಹಾಕೂ ದಿನ ನಾನೇ ಬರ್ತೀನಿ. ಕೈ ನಡಗಿದ್ರ ಅಲ್ಲಿಂದಲೇ ತಿರುಗಿ ಹೋಗ್ತೀನಿ ಅಂತ ನಿಮ್ಮವ್ವಗ ಹೇಳು’ ಎಂದುಬಿಟ್ಟೆ. ಹೇಳುವಾಗ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಿದ್ದೆ.

ಸೊಸೆ ಕಸ್ತೂರಿ ಉದಗೀರದವಳು. ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಮರುದಿನವೇ ನನ್ನನ್ನು ನಿಲಂಗಾ ದಾರಿಯ ಬಸ್ಸಿಗೆ ಹತ್ತಿಸಿಕೊಂಡು ತವರಿಗೆ ನಡೆದಳು. ಪೋಲೀಸ್ ಆ್ಯಕ್ಷನ್ ಆದಮೇಲೆ ನಮಗೆ ಸಿಕ್ಕ ದೊಡ್ಡ ಲಾಭವೆಂದರೆ ಈ ಬಸ್ಸು. ನಮ್ಮನ್ನು ಹೈದರಾಬಾದಿನಿಂದ ತೆಗೆದು ಮುಂಬಯಿಗೆ ಸೇರಿಸಿದರು. ನಾವು ಕೂತಲ್ಲೇ ಕೂತಿದ್ದೆವು, ಬಸ್ಸಿನ ಬೋರ್ಡು ಮಾತ್ರ ಮರಾಠಿಯಾಯಿತು. ಉರ್ದು ಶಾಲೆಯಲ್ಲಿ ನಾಲ್ಕನೆಯ ಇಯತ್ತೆ ಓದಿದ ನಾನು ಅದನ್ನು ಕೂಡಿಸಿ ಓದುವಷ್ಟರಲ್ಲಿ ಬಸ್ಸು ಹೋಗಿಬಿಡುತ್ತದೆ. ಆ ರಸ್ತೆಯ ಮೇಲೆ ಎಲ್ಲರ ಕೈ, ತಲೆ, ಗಲ್ಲ ನಡುಗುತ್ತಿದ್ದವು. ಎಷ್ಟೋ ದಿನದ ಮೇಲೆ ನಾನು ಮಂದಿಯ ಹಾಗೆಯೇ ಇದ್ದೆ. ಉದಗೀರ ಬಂದದ್ದೇ ಬೇಸರವಾಯಿತು.

ಅಲ್ಲಿಯ ಡಾಕ್ಟರು ಹಿಂದೆ ಫೌಜಿನಲ್ಲಿದ್ದವರು. ನನ್ನ ಮೊಣಕೈ ಮಡಿಚಿ ಬಿಚ್ಚಿ ನೋಡಿ, ನಡೆಸಿ, ತಿರುಗಿಸಿ, ‘ಇದು ಲಕ್ವಾ ಅಲ್ಲ ಅಯ್ಯಾರ, ಕಂಪವಾತ. ಪೂರಾ ಹೋಗಂಗಿಲ್ಲ. ಖರೆ ಲಗಾಮ ಹಾಕಬಹುದು’ ಎಂದರು. ಬಿಳಿ ಗುಳಿಗೆಗಳ ಪೊಟ್ಟಣ ಕೊಟ್ಟು, ‘ಮುಂಜಾನೆ ಏನರೆ ತಿಂದು ಒಂದು ನುಂಗ್ರಿ’ ಎಂದರು.

‘ಪೂಜಾ ಆಗೂತನಕ ನಾವು ಏನೂ ತಿನ್ನಂಗಿಲ್ರೀ ಸಾಹೇಬ್ರ.’

‘ಆತು, ಪೂಜಾ ಆದಮ್ಯಾಲ ತಗೋರಿ.’

‘ಪೂಜಾ ಮಾಡ್ಲಾಕೇ ಕೈ ಬೇಕಲ್ರೀ.’

‘ಹಂಗಾರ ಮೊದಲ ತಗೋರಿ.’

‘ಮೊದಲ ನುಂಗಂಗಿಲ್ಲಲ್ರೀ.’

ಡಾಕ್ಟರು ಪೆನ್ನು ಕೆಳಗಿಟ್ಟು ಕಸ್ತೂರಿಯ ಕಡೆ ನೋಡಿದರು. ‘ಬಾಯಿ, ನರದ ರೋಗಕ್ಕ ನನ್ನ ಹಂತ್ಯಾಕ ಔಷಧ ಅದ. ಇದಕ್ಕಿಲ್ಲ’ ಎಂದರು.

ಪೂಜೆ ಮುಗಿಸಿಯೇ ಗುಳಿಗೆ ನುಂಗತೊಡಗಿದೆ. ಕೆಲವೇ ದಿನಗಳಲ್ಲಿ ಗುಣ ಕಂಡಿತು. ದಿನವಿಡೀ ಕೈ ಸಾಧುವಾದ ಎತ್ತಿನಂತೆ ಇರುತ್ತಿತ್ತು. ಚಹಾ ಕುಡಿದರೆ ಬಸಿಯಲ್ಲಿ ಚೆಲ್ಲುತ್ತಿರಲಿಲ್ಲ, ಅಂಗಿಯ ಗುಂಡಿ ನಾನೇ ಹಾಕಿಕೊಳ್ಳುತ್ತಿದ್ದೆ, ಕಟ್ಟೆಯವರು ಹೋಳಿಗೆಯ ಮಾತು ಬಿಟ್ಟರು. ಮುಂಜಾನೆ ಪೂಜೆಗೆ ಕೂತರೆ ಮಾತ್ರ ಮತ್ತದೇ ತಾಳ. ಎಲ್ಲ ಕೆಲಸಕ್ಕೂ ಬರುವ ಕೈ ಶಿವನೊಬ್ಬನಿಗೆ ಬರುವುದಿಲ್ಲ! ಸಾಲದ್ದಕ್ಕೆ ಗುಳಿಗೆ ತನ್ನ ಕೂಲಿಯನ್ನೂ ವಸೂಲಿ ಮಾಡಿತು. ಬಾಯಿ ಒಣಗಿ ನಾಲಗೆ ಅಂಗುಳಕ್ಕೆ ಅಂಟಿತು. ಒಂದೇ ಆಕಳು ಎರಡಾಗಿ ಕಂಡಿತು. ಒಂದು ಸಂಜೆ ಗೂಟಕ್ಕೆ ನೇತುಹಾಕಿದ ಮಗನ ಕೋಟಿಗೆ ‘ಬರ್ರಿ, ಕೂಡ್ರಿ’ ಎಂದು ಉಪಚಾರ ಮಾಡಿದೆ. ಡಾಕ್ಟರು, ಇಡೀ ಗುಳಿಗೆ ಒಂದೇ ಸಲಕ್ಕೆ ಬೇಡ, ಮುಂಜಾನೆ ಅರ್ಧ, ಮಧ್ಯಾಹ್ನ ಅರ್ಧ ಎಂದರು. ಕಸ್ತೂರಿ ಅಡಕೆ ಕತ್ತರಿಸುವ ಕತ್ತರಿಯಿಂದ ಗುಳಿಗೆಯನ್ನು ಸರಿಯಾಗಿ ಎರಡು ಹೋಳು ಮಾಡಿಡುತ್ತಿದ್ದಳು. ಕೋಟು ಮತ್ತೆ ಕೋಟಾಯಿತು.

ಸಂಜೆಗೂ ನಮಗೆ ಒಂದು ಸಣ್ಣ ಪೂಜೆ ಉಂಟು. ಮಧ್ಯಾಹ್ನದ ಅರ್ಧ ಗುಳಿಗೆಯ ಪುಣ್ಯದಿಂದ ಅದಕ್ಕೆ ಕೈ ನಿಲ್ಲುತ್ತಿತ್ತು. ಅದನ್ನು ನೋಡಿದ ಕಸ್ತೂರಿ ಒಂದು ದಿನ, ‘ಮಾವಾರ, ಸಂಜಿ ಪೂಜಾದಾಗ ನಾಳಿನ ಗುಳಗಿ ಲಿಂಗಕ್ಕ ಅರ್ಪಿಸಿ ಬಿಡ್ರಿ. ಆಮ್ಯಾಲ ಅದು ಗುಳಗಿ ಅಲ್ಲ, ಪ್ರಸಾದ’ ಎಂದಳು.

‘ಪ್ರಸಾದ ಆದ್ರೂ ಪೂಜಾಕ್ಕಿಂತ ಮೊದಲ ನುಂಗಿಧಂಗ ಆತಲ್ಲವ್ವಾ.’

‘ಪೂಜಾ ಆಗೇದಲ್ರೀ, ಹಿಂದಿನ ಸಂಜಿ. ಅದರ ಪ್ರಸಾದ ಉಳದದ. ಪ್ರಸಾದ ಉಳಿಸಿ ಒಗೀಬೇಕೇನು?’

ಸುತ್ತಲಿನ ಊರುಗಳಲ್ಲಿ ಇಂಥ ಪ್ರಶ್ನೆ ಎದ್ದರೆ ನನ್ನನ್ನೇ ಕೇಳುತ್ತಾರೆ. ಬೇರೆಯವರು ಕೇಳಿದ್ದರೆ ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಉತ್ತರ ಹೇಳಿ ಕಳಿಸುತ್ತಿದ್ದೆ. ಸ್ವಂತದ್ದಾದ್ದರಿಂದ ವಾದಿಯೂ ನಾನೇ, ಪ್ರತಿವಾದಿಯೂ ನಾನೇ, ಪಂಚನೂ ನಾನೇ. ಸಂಜೆಯವರೆಗೆ ಪಂಚಾಯಿತಿ ನಡೆಯಿತು. ಕಡೆಗೆ ಸೊಸೆಯ ಕಡೆ ತೀರ್ಪಾಯಿತು. ಮನೆಯಲ್ಲಿ ಬೇರೆ ತೀರ್ಪು ಎಂದೂ ಆಗಿದ್ದಿಲ್ಲ. ಮರುದಿನ ಸ್ನಾನ ಮಾಡಿ, ಕಣ್ಣು ಮುಚ್ಚಿ, ಅರ್ಧ ಗುಳಿಗೆಯನ್ನು ಪ್ರಸಾದವೆಂದು ನುಂಗಿ, ಭಸ್ಮ ಹಚ್ಚಿಕೊಂಡು ಜಪ ಮಾಡುತ್ತ ಕಾದೆ. ಆಮೇಲೆ ಲಿಂಗವನ್ನು ಅಂಗೈಯಲ್ಲಿಟ್ಟೆ. ಅದು ಅಲುಗಲಿಲ್ಲ. ಅದೆಷ್ಟೋ ದಿನಗಳಿಂದ ನಾನು ಮುಂಜಾನೆಯ ಪೂಜೆಯಲ್ಲಿ ಕೈಯನ್ನೇ ನೋಡುತ್ತಿದ್ದೆ. ಅವತ್ತು ಲಿಂಗವನ್ನು ನೋಡಿದೆ. ಅಂಗೈ ಕೆಳಗೆ ಬರಿಯ ಗಾಳಿ ಇತ್ತು. ತಣ್ಣಗಿತ್ತು. ಗೆದ್ದೆ ಎಂದು ಹೇಳಿಕೊಳ್ಳಲು ಎದುರಿಗೆ ಯಾರೂ ಇರಲಿಲ್ಲ, ಒಲೆಯ ಮೇಲೆ ಬೇಳೆಯೂ ಇರಲಿಲ್ಲ.

ಪಾಟೀಲರ ಮನೆಯಲ್ಲಿ ಗಂಡು ಕೂಸು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ದೇವಣಿಗೆ ಹೋದೆ. ಗಂಗಮ್ಮ ಕಾಲು ಮುಟ್ಟಿ ನಮಸ್ಕಾರ ಮಾಡಿ, ಕಂಠಮಟ್ಟ ತುಂಬಿದ ಹಾಲಿನ ವಾಟಗಾ ತಂದು ನನ್ನ ಎಡಗೈಗೇ ಕೊಟ್ಟಳು. ಭಕ್ತಿ ಎನ್ನುವುದಕ್ಕಿಂತ ಪರೀಕ್ಷೆ ಎನ್ನುವುದೇ ಸರಿ. ಪಡಸಾಲೆಯ ಮಂದಿಯೆಲ್ಲ ಹಾಲಿನ ಅಂಚನ್ನೇ ನೋಡುತ್ತಿದ್ದರು. ಗುಳಿಗೆಯಿಂದ ಬಾಯಿ ಒಣಗಿತ್ತು; ಒಂದು ಹನಿ ಚೆಲ್ಲದೆ ಪೂರಾ ಕುಡಿದು ಕೆಳಗಿಟ್ಟೆ. ಗಂಗಮ್ಮ ‘ಹ್ಞೂಂ’ ಎಂದಳು. ಅವಳ ಹ್ಞೂಂ ಎಂದರೆ ಬೇರೆಯವರ ಸನ್ಮಾನ.

ಆದರೆ ಕೂಸಿನ ಸೋದರಮಾವ ಬರಲಿಲ್ಲ. ಅವನಿಲ್ಲದೆ ತೊಟ್ಟಿಲು ಏರಿಸುವಂತಿಲ್ಲ. ಅವನ ಬಸ್ಸು ಎಲ್ಲೋ ಕೆಟ್ಟು ನಿಂತಿತ್ತು. ಬಿಸಿಲು ನೆತ್ತಿಗೆ ಬಂತು. ಗುಳಿಗೆಗೆ ಸೋದರಮಾವನ ಹಂಗಿಲ್ಲ, ಅದು ತನ್ನ ಪಾಡಿಗೆ ಇಳಿಯತೊಡಗಿತು. ಹೆಬ್ಬೆರಳು ಮೆಲ್ಲಗೆ ಉರುಳಿತು. ಸೊಂಟದ ಚಂಚಿಯಲ್ಲಿದ್ದ ಮಧ್ಯಾಹ್ನದ ಅರ್ಧವನ್ನು ಯಾರಿಗೂ ಕಾಣದಂತೆ ಬಾಯಿಗೆ ಹಾಕಿಕೊಂಡೆ. ಅಷ್ಟರಲ್ಲೇ ಸೋದರಮಾವ ಧೂಳು ಮುಖದಿಂದ ಬಂದೇಬಿಟ್ಟ! ‘ಸುರು ಮಾಡ್ರಿ ಅಯ್ಯಾರ’ ಎಂದರು. ಗುಳಿಗೆ ಇನ್ನೂ ಗಂಟಲಲ್ಲೇ ಇತ್ತು.

ಏನು ಮಾಡಲಿ? ಕೈಗಳನ್ನು ಶಾಲಿನೊಳಗೆ ಮುಚ್ಚಿ ಬಾಯಿ ತೆಗೆದೆ. ಕೂಸಿನ ಮನೆತನದ ಹಿರಿಯರನ್ನೆಲ್ಲ ಒಬ್ಬೊಬ್ಬರನ್ನಾಗಿ ಹೊಗಳಿದೆ. ಭಸ್ಮದ ಮಹಿಮೆ ಹೇಳಿದೆ, ರುದ್ರಾಕ್ಷಿಯ ಮಹಿಮೆ ಹೇಳಿದೆ, ಅವೂ ಮುಗಿದಾಗ ಪತ್ರಿ ಗಿಡದ ಮಹಿಮೆಯನ್ನೂ ಹೇಳಿದೆ. ನಡುನಡುವೆ ಶಾಲಿನೊಳಗೆ ಹೆಬ್ಬೆರಳನ್ನು ವಿಚಾರಿಸಿಕೊಳ್ಳುತ್ತಿದ್ದೆ. ಅದು ಇನ್ನೂ ಒಪ್ಪಿರಲಿಲ್ಲ. ಮತ್ತೆ ತಾಯಿತಂದೆಯರ ಧರ್ಮಕ್ಕೆ ಬಂದೆ. ಹಿಂದೆ ಕೂತ ಮುದುಕರು ಕಣ್ಣೊರೆಸಿಕೊಂಡರು. ಗಂಗಮ್ಮನಿಗೆ ತಡೆಯಲಾಗಲಿಲ್ಲ.

‘ಅಯ್ಯಾರ, ಇನ್ನ ಸ್ವಲ್ಪ ಹೇಳಿದ್ರ ಕೂಸಿಗಿ ಮೀಸಿ ಬರ್ತಾವ. ಲಿಂಗ ಕಟ್ರಿ.’

ಅದೇ ಹೊತ್ತಿಗೆ ಹೆಬ್ಬೆರಳು ಸುಮ್ಮನಾಯಿತು. ಶಾಲು ಸರಿಸಿ ಕೈ ಹೊರಗೆ ತೆಗೆದೆ. ಅಂಗೈಯಲ್ಲಿ ಲಿಂಗವನ್ನಿಟ್ಟು ಪೂಜಿಸಿ, ಕೂಸಿನ ಹಣೆಗೆ ಭಸ್ಮ ಹಚ್ಚಿ, ಲಿಂಗವನ್ನು ಸಣ್ಣ ಬಟ್ಟೆಯಲ್ಲಿ ಸುತ್ತಿ ಅದರ ಎಳೆಯ ಮೈಗೆ ಕಟ್ಟಿ ಗಂಟು ಹಾಕಿದೆ. ಗಂಟು ಒಂದೇ ಸಲಕ್ಕೆ ಕೂತಿತು. ಸಂತೋಷಕ್ಕೆ ಕೂಗಬೇಕೆನ್ನಿಸಿತು. ಕೂಸನ್ನು ಹಿಡಿದಿದ್ದ ಶಿವರಾಜನ ಕೈಗಳೇ ಗಡಗಡ ನಡುಗುತ್ತಿದ್ದವು. ಗಂಗಮ್ಮ ಅವನಿಗೆ, ‘ನೋಡೋ, ಅಯ್ಯಾರ ಕೈ ನೋಡಿ ಕಲಿ’ ಎಂದಳು. ಉಮರ್ಗಾದಿಂದ ಉದಗೀರದವರೆಗೆ ಕೇಳುವಂತೆ ಅವಳು ಇನ್ನೊಮ್ಮೆ ಅದನ್ನೇ ಅಂದರೆ ಚೆನ್ನಾಗಿತ್ತು ಎಂದು ನಾನು ಆಸೆಪಟ್ಟೆ.

ಆ ಆಸೆ ಬೇಡವಾಗಿತ್ತು. ಗಂಗಮ್ಮ ನಿಜವಾಗಿಯೂ ಎಲ್ಲ ಕಡೆ ಹೇಳಿದ್ದಾಳೆ, ಕೈಯ ಸುದ್ದಿಯನ್ನಲ್ಲ, ಪ್ರವಚನದ ಸುದ್ದಿಯನ್ನು. ಈಗ ನಾನು ಗುಳಿಗೆಯ ಹೊತ್ತಿಗೆ ಸರಿಯಾಗಿ ಹೋಗಿ, ಕಟ್ಟುವುದನ್ನು ಕಟ್ಟಿ ಲಗುಬಗೆಯಿಂದ ಏಳಬೇಕೆಂದರೆ ಯಾರೂ ಬಿಡುವುದಿಲ್ಲ. ‘ದೇವಣ್ಯಾಗ ಹೇಳಿದಷ್ಟು ನಮ್ಮ ಮನ್ಯಾಗೂ ಹೇಳ್ಬೇಕ್ರೀ’ ಎಂದು ಹಟ ಹಿಡಿಯುತ್ತಾರೆ. ಕೈ ಕಲ್ಲಿನಂತೆ ನಿಂತಿರುತ್ತದೆ. ಒಣಗಿದ ಬಾಯಿ ಪತ್ರಿ ಗಿಡದ ಎಲೆ ಎಲೆಯನ್ನೂ ವರ್ಣಿಸುತ್ತಿರುತ್ತದೆ. ಮೊನ್ನೆ ಗುಂಜೋಟಿಯಿಂದ ತಿರುಗಿ ಬಂದು, ಬಾಯಿ ನಿಲ್ಲುವುದಕ್ಕೂ ಡಾಕ್ಟರ ಹತ್ತಿರ ಒಂದು ಗುಳಿಗೆ ಇರಬಹುದೇ ಎಂದು ಕಸ್ತೂರಿಯನ್ನು ಕೇಳಿದೆ. ಅವಳು ಅರ್ಧ ಗುಳಿಗೆ ಕತ್ತರಿಸುತ್ತ, ತಲೆ ಎತ್ತದೆ, ‘ಅಂಥದ್ದು ಇದ್ದಿದ್ರ ನಮ್ಮತ್ತಿ ನಿಮಗ ಎಂದೋ ತರಸ್ತಿದ್ರು ಬಿಡ್ರಿ ಮಾವಾರ’ ಎಂದಳು.